ಉಲ್ಲೇಖವಾದಾಗಲೆಲ್ಲ ಬರುವವನು

ಮಹಾಂತೇಶ ತೀರಿಕೊಂಡು ಎರಡು ವರ್ಷವಾಗಿದ್ದರೂ ನೀಲಾಂಬಿಕೆಯ ಫೋನಿಗೆ ಅವನ ಹೆಸರು ದಿನಕ್ಕೆ ನಲವತ್ತು ಸಲ ಬರುತ್ತಿತ್ತು. ಲೋಕದ ಯಾವ ಮೂಲೆಯಲ್ಲಾದರೂ ಒಬ್ಬ ವೈದ್ಯ ತನ್ನ ಸಂಶೋಧನಾ ಪ್ರಬಂಧದಲ್ಲಿ ಮಹಾಂತೇಶನ ಪ್ರಬಂಧವನ್ನು ಉಲ್ಲೇಖಿಸಿದರೆ ಫೋನು ಟಿಣ್ ಎನ್ನುತ್ತಿತ್ತು. ಪರದೆಯ ಮೇಲೆ ಒಂದೇ ಸಾಲು: ‘ಹಿರೇಮಠ ಮತ್ತು ಇತರರು, ಉಲ್ಲೇಖ 31,406.’ ಇತರರು ಎಂದರೆ ನೀಲಾಂಬಿಕೆ.

ಗಂಡ ಹೆಂಡತಿ ಇಬ್ಬರೂ ದಾವಣಗೆರೆಯ ಒಂದು ವೈದ್ಯಕೀಯ ಕಾಲೇಜಿನಲ್ಲಿ ನರರೋಗ ತಜ್ಞರು. ಆ ಪ್ರಬಂಧ ಪ್ರಕಟವಾದ ಮೊದಲ ಮೂರು ವರ್ಷದಲ್ಲಿ ಅದನ್ನು ಉಲ್ಲೇಖಿಸಿದವರು ಹನ್ನೊಂದು ಜನ. ಅದರಲ್ಲಿ ನಾಲ್ಕು ಸಲ ಇವರೇ. ಆಮೇಲೆ ಹೊರದೇಶದಲ್ಲಿ ಯಾರೋ ಅದರ ಜಾಡು ಹಿಡಿದು ನಿದ್ದೆ ಬಾರದವರಿಗೆ ಒಂದು ಚಿಕಿತ್ಸೆ ಕಂಡುಹಿಡಿದರು. ಸಂಖ್ಯೆ ಏರತೊಡಗಿತು. ಅಷ್ಟು ಹೊತ್ತಿಗೆ ಮಹಾಂತೇಶ ಡೆಂಗೆ ಜ್ವರ ಬಂದು ಐದೇ ದಿನದಲ್ಲಿ ಹೋಗಿಬಿಟ್ಟಿದ್ದ.

ಆ ಸದ್ದನ್ನು ಬೇಕೆಂದರೆ ನಿಲ್ಲಿಸಬಹುದಿತ್ತು. ಅವಳು ನಿಲ್ಲಿಸಲಿಲ್ಲ. ಅತ್ತೆ ಶಿವಲೀಲಮ್ಮನಿಗೂ ಅದು ಅಭ್ಯಾಸವಾಗಿಹೋಗಿತ್ತು. ಸೊಪ್ಪು ಸೋಸುತ್ತ ಕೂತವರು ಟಿಣ್ ಎಂದಾಗ ತಲೆ ಎತ್ತಿ, “ನೋಡು ನೀಲಾ, ಯಾರೋ ಮಾಂತೇಶನ್ನ ನೆನೆಸಿದ್ರು,” ಎನ್ನುತ್ತಿದ್ದರು. ಮತ್ತೆ ಸೊಪ್ಪಿಗೆ ಕೈ ಹಾಕುತ್ತಿದ್ದರು.

ಸಾಕ್ಷಿ ನಿಯಮ ಜಾರಿಗೆ ಬಂದು ಆಗಲೇ ಒಂಬತ್ತು ವರ್ಷವಾಗಿತ್ತು. ಅದಕ್ಕೆ ಮೊದಲು ವೈದ್ಯಕೀಯ ಪತ್ರಿಕೆಗಳ ತುಂಬ ಸುಳ್ಳು ಪ್ರಬಂಧಗಳು ತುಂಬಿಕೊಂಡಿದ್ದವು. ಹುಟ್ಟದೇ ಇದ್ದ ರೋಗಿಗಳು, ಕೊಡದೇ ಇದ್ದ ಔಷಧಿ, ಯಂತ್ರಗಳು ಕೂತಲ್ಲೇ ಹೆಣೆದ ಅಂಕಿಗಳು. ಅವನ್ನು ನಂಬಿ ಔಷಧಿ ಕೊಟ್ಟಲ್ಲೆಲ್ಲ ಜನ ಸತ್ತರು. ಕೊನೆಗೆ ಎಲ್ಲ ದೇಶಗಳೂ ಒಂದು ಕಟ್ಟಳೆ ಮಾಡಿಕೊಂಡವು. ಒಂದು ಪ್ರಬಂಧವನ್ನು ಯಾರಾದರೂ ಉಲ್ಲೇಖಿಸಿದರೆ, ಅದರಲ್ಲಿ ಹೇಳಿದ್ದು ಇವತ್ತಿಗೂ ನಿಜವೇ ಎಂದು ರೋಗಿಯ ಮೈಯನ್ನೇ ಕೇಳಬೇಕು. ಅದಕ್ಕಾಗಿ ಪ್ರಯೋಗಕ್ಕೆ ಒಪ್ಪಿದ ರೋಗಿಯ ಕಿವಿಯ ಹಿಂದೆ ಜೋಳದ ಕಾಳಿನಷ್ಟು ದೊಡ್ಡದೊಂದು ಬಿಲ್ಲೆ ಕೂರಿಸುತ್ತಿದ್ದರು. ಉಲ್ಲೇಖವಾದ ಕೂಡಲೇ ಸಾಕ್ಷಿ ಕೇಂದ್ರದಿಂದ ಬಿಲ್ಲೆಗೆ ಪ್ರಶ್ನೆ ಹೋಗುತ್ತಿತ್ತು. ಬಿಲ್ಲೆ ಅದೇ ಪ್ರಯೋಗವನ್ನು ಹನ್ನೆರಡು ಸೆಕೆಂಡು ಮತ್ತೆ ನಡೆಸಿ ಉತ್ತರ ಕಳಿಸುತ್ತಿತ್ತು. ಹಸಿರು ಗುರುತು ಬಿದ್ದರೆ ಪ್ರಬಂಧ ನಿಜ.

ಬಹಳ ಒಳ್ಳೆಯ ನಿಯಮವೆಂದು ಎಲ್ಲರೂ ಹೊಗಳಿದ್ದರು. ನೀಲಾಂಬಿಕೆಯೂ ಹೊಗಳಿದ್ದಳು.

ಏಪ್ರಿಲ್ ಕೊನೆಯ ವಾರ ಹೊರರೋಗಿ ವಿಭಾಗಕ್ಕೆ ನಾಗರತ್ನ ಬಂದಳು. ಸೀರೆಗೆ ಫಾಲ್ಸ್ ಹೊಲಿಯುವ ಹೆಂಗಸು, ಬೆರಳ ತುದಿಯೆಲ್ಲ ಸೂಜಿ ಚುಚ್ಚಿದ ಗುರುತು. ಅವಳ ತಂದೆ ಕೊಟ್ರಪ್ಪ ಆ ಪ್ರಬಂಧದ ನಾಲ್ಕು ರೋಗಿಗಳಲ್ಲಿ ಒಬ್ಬ. ಬಸ್ ಕಂಡಕ್ಟರ್ ಆಗಿದ್ದವನಿಗೆ ಓಡುವ ಬಸ್ಸಿನಲ್ಲೇ ಮೂರ್ಛೆ ಬರುತ್ತಿತ್ತು. ಮಹಾಂತೇಶ ಅದನ್ನು ವಾಸಿ ಮಾಡಿದ್ದ.

“ಅಪ್ಪಾಜಿ ರಸ್ತೆ ದಾಟುವಾಗ ಬಿದ್ರು ಡಾಕ್ಟ್ರಮ್ಮ. ಮುಂಗೈ ಮುರದೈತೆ.”

“ಮೂರ್ಛೆ ಮತ್ತೆ ಬಂತೇನ್ರೀ?”

“ಮೂರ್ಛೆ ಅಲ್ರಿ. ನಡೀತಾ ನಡೀತಾ ರಸ್ತೆ ಮಧ್ಯೆ ನಿಂತು ಪಕ್ಕಕ್ಕೆ ಸರದ್ರಂತೆ, ಯಾರಿಗೋ ಜಾಗ ಬಿಡೋರ ಥರ. ಸ್ಕೂಟರ್‌ನೋನು ಗುದ್ದಿದ.”

ಅವಳು ಚೀಲದಿಂದ ಗೋಡೆ ಕ್ಯಾಲೆಂಡರೊಂದನ್ನು ತೆಗೆದು ಮೇಜಿನ ಮೇಲೆ ಹರಡಿದಳು. ಪ್ರತಿ ತಾರೀಖಿನ ಚೌಕದಲ್ಲೂ ಪೆನ್ಸಿಲಿನ ಗೀಟುಗಳು. “ಹಾಲಿನ ಗೀಟು ಅಂದ್ಕೋಬ್ಯಾಡ್ರಿ ಮತ್ತೆ,” ಎಂದಳು. “ಬೆನ್ನ ಹಿಂದೆ ಯಾರೋ ಬಂದು ನಿಂತಂಗೆ ಆದಾಗೆಲ್ಲ ಅಪ್ಪಾಜಿ ‘ಬಂದ’ ಅಂತಾರೆ. ನಾನು ಒಂದು ಗೀಟು ಎಳೀತೀನಿ. ಹಗಲೂ ಬರ್ತತಿ, ರಾತ್ರಿನೂ ಬರ್ತತಿ. ಅವರು ನಿದ್ದೆ ಮಾಡಿ ಯಾವ ಕಾಲ ಆತೋ.”

ಹದಿನೈದನೆಯ ತಾರೀಖಿನ ಚೌಕದಲ್ಲಿ ಗೀಟುಗಳು ಹಿಡಿಸದೆ ಪಕ್ಕದ ಅಮಾವಾಸ್ಯೆಯ ಚುಕ್ಕಿಯ ಮೇಲೂ ಹರಿದಿದ್ದವು. ನೀಲಾಂಬಿಕೆ ಎಣಿಸಿದಳು. ನೂರಾ ಹದಿನೆಂಟು.

ಹದಿನೈದು ಅವರದೇ ಕಾಲೇಜಿನಲ್ಲಿ ಥೀಸಿಸ್ ಒಪ್ಪಿಸುವ ಕೊನೆಯ ದಿನ.

ಕಾಲೇಜಿನ ನೆಲಮಾಳಿಗೆಯಲ್ಲಿ ಸಾಕ್ಷಿ ಕೋಣೆ ಇತ್ತು. ಅವಳು ಕ್ಯಾಲೆಂಡರನ್ನು ತೊಡೆಯ ಮೇಲಿಟ್ಟುಕೊಂಡು ಪರದೆಯ ಮುಂದೆ ಕೂತು ದಾಖಲೆ ತೆಗೆದಳು. ಗೀಟು ಮತ್ತು ಉಲ್ಲೇಖ ಒಂದಕ್ಕೊಂದು ಹೊಂದಿದವು. ಹದಿನೈದರಂದು ಲೋಕದ ಉಳಿದೆಲ್ಲ ಕಡೆಯಿಂದ ಬಂದದ್ದು ಮೂವತ್ತೇಳು, ತಮ್ಮ ಕಾಲೇಜಿನಿಂದಲೇ ಎಂಬತ್ತೊಂದು. ಕಾಲೇಜಿನ ಪ್ರತಿ ವಿದ್ಯಾರ್ಥಿಯೂ ಕಾಲೇಜಿನ ಹೆಸರಾಂತ ಪ್ರಬಂಧವನ್ನು ಉಲ್ಲೇಖಿಸಬೇಕೆಂದು ಡೀನ್ ಹೊರಡಿಸಿದ ಆದೇಶ ಅವಳಿಗೂ ಗೊತ್ತಿತ್ತು. ಹುಳುಕು ಹಲ್ಲಿನ ಮೇಲೆ ಬರೆದವರೂ, ಬಾಣಂತಿಯರ ಊಟದ ಮೇಲೆ ಬರೆದವರೂ ಮೂರ್ಛೆರೋಗದ ಈ ಪ್ರಬಂಧವನ್ನು ಒಂದು ಸಾಲಿನಲ್ಲಿ ನೆನೆದು ಕೈಮುಗಿದಿದ್ದರು.

ನಾಲ್ವರು ರೋಗಿಗಳಲ್ಲಿ ಇಬ್ಬರು ಸತ್ತಿದ್ದರು. ಮೂರನೆಯವರ ಬಿಲ್ಲೆ ಕೆಟ್ಟಿತ್ತು. ಕೇಂದ್ರ ಕೇಳುವ ಅಷ್ಟೂ ಪ್ರಶ್ನೆ ಈಗ ಕೊಟ್ರಪ್ಪನೊಬ್ಬನಿಗೇ ಹೋಗುತ್ತಿತ್ತು.

ಅವಳು ಒಪ್ಪಿಗೆ ಪತ್ರ ತೆಗೆದಳು. ‘ಸಾಕ್ಷಿ ಪರೀಕ್ಷೆಯನ್ನು ಹೆಚ್ಚೆಂದರೆ ಎಷ್ಟು ಸಲ ಮಾಡಬಹುದು’ ಎಂಬ ಖಾಲಿ ಜಾಗದಲ್ಲಿ ಅವಳದೇ ದುಂಡಗಿನ ಅಕ್ಷರ: ‘ಅಗತ್ಯವಿದ್ದಷ್ಟು.’ ಬರೆಯುವಾಗ ಮಹಾಂತೇಶ ನಕ್ಕಿದ್ದು ನೆನಪಿತ್ತು. “ನೂರು ಅಂತ ಬರೀಲಾ?” ಎಂದು ಅವಳು ಕೇಳಿದ್ದಳು. “ನಮ್ಮ ಪೇಪರ್ ನೂರು ಜನ ಓದ್ತಾರೇನೇ? ಏನಾದ್ರೂ ಬರಿ,” ಎಂದಿದ್ದ.

ಕೊಟ್ರಪ್ಪನ ಮನೆ ಹಳೇ ಹತ್ತಿ ಗಿರಣಿಯ ಹಿಂದಿನ ಓಣಿಯಲ್ಲಿ. ಅವನು ಮುಂಗೈಗೆ ಪಟ್ಟಿ ಕಟ್ಟಿಸಿಕೊಂಡು ಕಬ್ಬಿಣದ ಕುರ್ಚಿಯಲ್ಲಿ ಕೂತಿದ್ದ. ಕಣ್ಣ ಸುತ್ತ ಕಪ್ಪು ಇಳಿದಿತ್ತು.

“ಬರ್ರಿ ಡಾಕ್ಟ್ರಮ್ಮ. ನಿಮ್ಮ ಪ್ಯಾಸೆಂಜರ್ ಈಗ್ತಾನೆ ಬಂದು ಹೋದ.”

“ಯಾರಂತ ಗೊತ್ತಾಗುತ್ತಾ?”

“ಯಾರೋ ಏನೋ. ನಾಗರತ್ನ ಕೇಳ್ತಾಳೆ, ತೀರಿಹೋದ ಅವ್ವ ಏನು ಅಂತ. ಅವರವ್ವ ಬಂದಿದ್ರೆ ಬಾಯಿ ಮುಚ್ಕೊಂಡು ನಿಲ್ತಿದ್ಲಾ?” ಕೊಟ್ರಪ್ಪ ನಕ್ಕ. ಆಮೇಲೆ ನಗು ಇಳಿಯಿತು. “ಗಂಡಸು ರೀ. ಮೂವತ್ತೊಂದು ವರ್ಷ ಬಸ್ಸಿನಾಗೆ ನಿಂತೋನು ನಾನು. ಹಿಂದೆ ಎಂಥೋನು ನಿಂತಾನೆ ಅಂತ ತಿರುಗಿ ನೋಡ್ದೇನೇ ಹೇಳ್ತೀನಿ. ನಿಮ್ಮ ವಯಸ್ಸೇ ಇರಬೇಕು. ಎಡಗಡೆ ಭುಜ ಒಂಚೂರು ಇಳಿಸ್ತಾನೆ. ಭಾರ ಎಲ್ಲಾ ಬಲಗಾಲಿನ ಮ್ಯಾಲೆ. ಮಾತಾಡೋಕೆ ಅಂತ ಉಸಿರು ಎಳ್ಕೊಳ್ತಾನೆ ನೋಡ್ರಿ... ಮಾತಾಡಂಗಿಲ್ಲ. ಅಷ್ಟೊತ್ತಿಗೆ ಇಳದು ಹೋಗಿರ್ತಾನೆ.”

ನಾಗರತ್ನ ತಂದಿಟ್ಟ ಚಹಾದ ಲೋಟವನ್ನು ನೀಲಾಂಬಿಕೆ ಎರಡು ಕೈಯಲ್ಲೂ ಹಿಡಿದುಕೊಂಡು ಕೂತಳು. ಲೋಟ ಬಿಸಿಯಾಗಿತ್ತೋ ತಣ್ಣಗಿತ್ತೋ ಅವಳಿಗೆ ತಿಳಿಯಲಿಲ್ಲ.

ಮಹಾಂತೇಶನ ಎಡಭುಜದ ಮೂಳೆ ಪಿಯುಸಿಯಲ್ಲಿ ಕಬಡ್ಡಿ ಆಡುವಾಗ ಮುರಿದು ವಕ್ರವಾಗಿ ಕೂಡಿಕೊಂಡಿತ್ತು. ಮಾತಿಗೆ ಮೊದಲು ಅವನು ಒಂದು ಉಸಿರು ಎಳೆದುಕೊಳ್ಳುತ್ತಿದ್ದ. ಆ ಉಸಿರಿಗೇ ಅವಳು “ಏನು?” ಎನ್ನುತ್ತಿದ್ದಳು.

ಅದು ಭೂತವಲ್ಲ ಎಂದು ಅವಳಿಗೆ ಗೊತ್ತಿತ್ತು. ನಮ್ಮ ಮೈ ಎಲ್ಲಿದೆ, ಹೇಗೆ ನಿಂತಿದೆ ಎಂಬ ಚಿತ್ರವನ್ನು ಮಿದುಳು ಪ್ರತಿಕ್ಷಣವೂ ಬಿಡಿಸಿಕೊಳ್ಳುತ್ತಿರುತ್ತದೆ. ಆ ಜಾಗಕ್ಕೆ ಬೇರೊಂದು ಮೈಯ ಚಿತ್ರವನ್ನು ಕಳಿಸಿದರೆ, ಏಳುತ್ತಿರುವ ಮೂರ್ಛೆಯ ಅಲೆ ದಾರಿ ತಪ್ಪಿ ಮುರಿಯುತ್ತದೆ. ಪ್ರಬಂಧ ಹೇಳಿದ್ದು ಅದನ್ನೇ. ‘ಆ ವೇಳೆ ರೋಗಿಗೆ ಹಿಂದೆ ಯಾರೋ ನಿಂತಂತೆ ಅನಿಸಬಹುದು’ ಎಂದು ಏಳನೆಯ ಪುಟದಲ್ಲಿ ಒಂದು ಸಾಲಿತ್ತು. ಬೇರೊಂದು ಮೈ ಯಾರದು ಎಂಬಲ್ಲಿ ‘ಆರೋಗ್ಯವಂತ ಸ್ವಯಂಸೇವಕ, ಪುರುಷ, 34 ವರ್ಷ’ ಎಂದಿತ್ತು.

ಸ್ವಯಂಸೇವಕನನ್ನು ತೆಗೆದುಕೊಳ್ಳಲು ನೀತಿ ಸಮಿತಿಯ ಅನುಮತಿ ಬೇಕು. ಸಮಿತಿಯ ಸಭೆ ಮೂರು ಸಲ ಮುಂದಕ್ಕೆ ಹೋಯಿತು. ಒಂದು ಸಲ ಮದುವೆ, ಒಂದು ಸಲ ಚುನಾವಣೆ, ಇನ್ನೊಂದು ಸಲ ಸದಸ್ಯರೊಬ್ಬರಿಗೆ ನೆಗಡಿ. ಕೊಟ್ರಪ್ಪನಿಗೆ ವಾರಕ್ಕೆ ಎರಡು ಸಲ ಮೂರ್ಛೆ. ಒಂದು ಭಾನುವಾರ ಬೆಳಿಗ್ಗೆ ಮಹಾಂತೇಶ ತನ್ನ ತಲೆಗೇ ತಂತಿಯ ಟೊಪ್ಪಿಗೆ ಹಾಕಿಸಿಕೊಂಡ. ಹಾಕಿದವಳು ಅವಳೇ. “ಸುಮ್ನೆ ನಿಂತ್ಕೋ ಮಾರಾಯ,” ಎಂದು ಬೈದಿದ್ದೂ ಅವಳೇ. ಅವನು ಬಲಗಾಲಿನ ಮೇಲೆ ಭಾರ ಹಾಕಿ ನಿಂತು ಏನೋ ಹೇಳಹೋಗಿ ಉಸಿರು ಎಳೆದುಕೊಂಡಾಗ ಯಂತ್ರ ಆ ಮೈಯ ಚಿತ್ರವನ್ನು ಹಿಡಿದಿಟ್ಟಿತು; ಬಿಲ್ಲೆಗೆ ಹೋದದ್ದು ಅದೇ. ಅವತ್ತು ಏನು ಹೇಳಹೊರಟಿದ್ದನೋ ಅವಳು ಕೇಳಿರಲಿಲ್ಲ.

ಆಮೇಲಿನ ಕೆಲವು ದಿನ ನೀಲಾಂಬಿಕೆ ಮಾಡಿದ್ದು ಏಕೆಂದು ಅವಳು ಮುಂದೆಂದೂ ಯಾರಿಗೂ ವಿವರಿಸಲಾರದೆ ಹೋದಳು. ಉಲ್ಲೇಖಕ್ಕೆ ದೊಡ್ಡ ಪ್ರಬಂಧವೇ ಬೇಕೆಂದಿಲ್ಲ. ಸಂಪಾದಕರಿಗೆ ಬರೆದ ನಾಲ್ಕು ಸಾಲಿನ ಟಿಪ್ಪಣಿಯೂ ಆಗುತ್ತದೆ. ಮಧ್ಯಾಹ್ನ ನಾಲ್ಕು ಗಂಟೆಗೆ, ಮಹಾಂತೇಶ ಚಹಾಕ್ಕೆ ಮನೆಗೆ ಬರುತ್ತಿದ್ದ ಹೊತ್ತಿಗೆ, ಅವಳು ಒಂದು ಟಿಪ್ಪಣಿ ಕಳಿಸಿದಳು. ಫೋನು ಟಿಣ್ ಎಂದಿತು. ಮರುದಿನ ಅದೇ ಹೊತ್ತಿಗೆ ಇನ್ನೊಂದು. ಒಟ್ಟು ಆರು ದಿನ. ಪ್ರತಿ ಸಲವೂ ಗಡಿಯಾರ ನೋಡುತ್ತ ಹನ್ನೆರಡು ಸೆಕೆಂಡು ಸುಮ್ಮನೆ ಕೂರುತ್ತಿದ್ದಳು. ಊರಿನ ಆ ತುದಿಯಲ್ಲಿ, ಗಿರಣಿಯ ಹಿಂದಿನ ಓಣಿಯಲ್ಲಿ, ಈಗ ಅವನು ನಿಂತಿದ್ದಾನೆ.

ಏಳನೆಯ ದಿನ ನಾಗರತ್ನ ಫೋನ್ ಮಾಡಿದಳು.

“ಒಂದು ವಿಚಿತ್ರ ಐತೆ ಡಾಕ್ಟ್ರಮ್ಮ. ಈಗೀಗ ನಾಲ್ಕಕ್ಕೆ ಸರಿಯಾಗಿ ಒಬ್ಬ ಬರ್ತಾನೆ ಅಂತಾರೆ ಅಪ್ಪಾಜಿ. ಉಳಿದೋರಂಗಲ್ಲ ಅವನು, ಭಾಳ ಹತ್ರ ನಿಲ್ತಾನಂತೆ. ಕುತ್ತಿಗೆಗೆ ಉಸಿರು ತಾಗ್ತತಿ ಅಂತಾರೆ. ಮೂರೂವರೆ ಆತು ಅಂದ್ರೆ ಗೋಡೆಗೆ ಬೆನ್ನು ಒತ್ತಿ ಕೂತ್ಬಿಡ್ತಾರ್ರಿ ಅವರು.”

ನೀಲಾಂಬಿಕೆ ಫೋನು ಕೆಳಗಿಟ್ಟಳು. ಬಿಲ್ಲೆಗೆ ಒಂದು ಪ್ರಶ್ನೆಗೂ ಇನ್ನೊಂದಕ್ಕೂ ಭೇದ ತಿಳಿಯುವುದಿಲ್ಲ. ಕಳಿಸುವವರು ಯಾರೆಂದು ಅದಕ್ಕೆ ಗೊತ್ತಾಗುವ ದಾರಿಯೇ ಇಲ್ಲ. ಆ ಬಿಲ್ಲೆಯನ್ನು ಕೂರಿಸಿದ್ದು ಅವಳು, ಅವಳಿಗೆ ಗೊತ್ತು.

ಅವತ್ತು ನಾಲ್ಕಕ್ಕೆ ಅವಳು ಡೀನ್ ಗುರುಬಸವರಾಜರ ಕೋಣೆಯಲ್ಲಿದ್ದಳು.

“ಬಿಲ್ಲೆ ತೆಗೆದುಬಿಡಿ,” ಎಂದರು ಡೀನ್.

“ತೆಗೆಯೋಕಾಗಲ್ಲ ಸರ್. ಎಳೆಗಳು ಮಿದುಳಿನೊಳಗೆ ಬೆಳೆದುಕೊಂಡಿವೆ. ಕೇಂದ್ರದವರು ಸುಮ್ಮನಾಗಿಸಬಹುದು ಅಷ್ಟೆ. ಅದಕ್ಕೆ ಪ್ರಬಂಧ ಹಿಂತೆಗೆದುಕೊಳ್ಳಬೇಕು.”

“ನಿಜವಾದ ಪ್ರಬಂಧ ಕಣಮ್ಮ ಅದು! ಮೂವತ್ತು ಸಾವಿರ ಸಲ ಹಸಿರು ಗುರುತು ಬಿದ್ದಿದೆ. ಸುಳ್ಳು ಅಂತ ಹೇಗೆ ಬರೀತೀರಿ?”

“ಸುಳ್ಳು ಅಂತ ಬರೆಯಲ್ಲ.”

ಹಿಂತೆಗೆತಕ್ಕೆ ಕೇಂದ್ರ ಒಪ್ಪುವ ಕಾರಣಗಳು ಮೂರೇ: ಅಂಕಿ ಸುಳ್ಳು, ಲೆಕ್ಕ ತಪ್ಪು, ಲೇಖಕರ ವಂಚನೆ. ಒಬ್ಬ ಮುದುಕನಿಗೆ ನಿದ್ದೆ ಇಲ್ಲ ಎಂಬುದು ಆ ಪಟ್ಟಿಯಲ್ಲಿರಲಿಲ್ಲ. ಮೂರನೆಯದರ ಕೆಳಗೆ ಹೆಸರು ಬರೆಯಬೇಕಿತ್ತು. ಅನುಮತಿಯಿಲ್ಲದೆ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು ಅದನ್ನು ಮುಚ್ಚಿಟ್ಟ ಲೇಖಕ: ಎಂ. ಎಸ್. ಹಿರೇಮಠ. ಸಹಕರಿಸಿದವರು: ನೀಲಾಂಬಿಕೆ ಹಿರೇಮಠ.

ಡೀನ್ ಕೆಟ್ಟ ಮನುಷ್ಯರಲ್ಲ. ಮಹಾಂತೇಶನ ಹೆಣಕ್ಕೆ ಹೆಗಲು ಕೊಟ್ಟವರು. “ನಿಮ್ಮ ನೌಕರಿ ಹೋಗುತ್ತೆ. ಅದು ಬಿಡಿ, ನಿಮಗೆ ವಯಸ್ಸಿದೆ. ಅವನಿಗೇನಿದೆ ಇನ್ನು? ಅವನ ಹೆಸರಿಗಿರೋದು ಅದೊಂದೇ. ಹೊಸ ಲ್ಯಾಬಿಗೆ ಬೋರ್ಡೇ ಬರೆಸಿಬಿಟ್ಟಿದ್ದೀನಮ್ಮ.” ಗೋಡೆಗೆ ಒರಗಿಸಿದ್ದ ಬೋರ್ಡನ್ನು ಅವರು ತೋರಿಸಿದರು. ‘ಡಾ. ಮಹಾಂತೇಶ ಹಿರೇಮಠ ಪ್ರಯೋಗಾಲಯ.’ ಬಣ್ಣ ಇನ್ನೂ ಒಣಗಿರಲಿಲ್ಲ. “ಸತ್ತವನನ್ನ ಕಳ್ಳ ಅಂತ ಬರೀತೀರಾ?”

ಅವಳು ಎದ್ದು ಬಂದಳು.

ಮನೆಯಲ್ಲಿ ಶಿವಲೀಲಮ್ಮ ನೆನೆಸಿದ ಅವರೆಕಾಳು ಸುಲಿಯುತ್ತಿದ್ದರು. ನೀಲಾಂಬಿಕೆ ಎದುರಿಗೆ ಕೂತು ತಾನೂ ಒಂದಿಷ್ಟು ಸಿಪ್ಪೆ ಬಿಡಿಸಿದಳು. ಆಮೇಲೆ ಎಲ್ಲವನ್ನೂ ಹೇಳಿದಳು. ಟೊಪ್ಪಿಗೆ, ಭುಜ, ಉಸಿರು, ನಾಲ್ಕು ಗಂಟೆಯ ಆರು ಟಿಪ್ಪಣಿ, ಯಾವುದನ್ನೂ ಬಿಡಲಿಲ್ಲ. ಹೇಳುವಾಗ ನಡುವೆ ಎರಡು ಸಲ ಫೋನು ಟಿಣ್ ಎಂದಿತು. ಮೊದಲ ಸಲ ಅತ್ತೆ ತಲೆ ಎತ್ತಿದರು. ಎರಡನೆಯ ಸಲ ಎತ್ತಲಿಲ್ಲ.

“ಹಂಗಾದ್ರೆ ಇದು ಬಡಿದಾಗೆಲ್ಲ ಅಲ್ಲಿ ಆ ಮನುಷ್ಯ ಬೆಚ್ಚಿ ಬೀಳ್ತಾನ?”

“ಹೂಂ ಅತ್ತೆ.”

“ನಾನು ಸಂತೋಷ ಪಡ್ತಿದ್ದೆ ಕಣೇ.”

ಅವರು ಬುಟ್ಟಿಯಲ್ಲಿ ಉಳಿದ ಕಾಳನ್ನೆಲ್ಲ ಸುಲಿದರು. ಮುಗಿದ ಮೇಲೆ ಸೆರಗಿನಲ್ಲಿ ಕೈ ಒರೆಸಿಕೊಂಡರು.

“ಬರದು ಹಾಕು. ಜನ ಏನಾದ್ರೂ ಅಂದ್ಕೊಳ್ಳಲಿ. ನನ್ನ ಮಗ ಒಬ್ಬರ ಬೆನ್ನ ಹಿಂದೆ ಹೋಗಿ ನಿಲ್ಲೋನಲ್ಲ.”

ಹಿಂತೆಗೆತದ ಸೂಚನೆಯೂ ಒಂದು ಪ್ರಕಟಣೆಯೇ. ಅದು ತಾನು ಹಿಂತೆಗೆಯುವ ಪ್ರಬಂಧವನ್ನು ಉಲ್ಲೇಖಿಸಬೇಕು. ಎಂದರೆ ಇನ್ನೊಂದು ಸಲ ಕೊಟ್ರಪ್ಪನನ್ನು ಕೇಳದೆ ವಿಧಿಯಿರಲಿಲ್ಲ. ಅದಕ್ಕಾಗಿ ನೀಲಾಂಬಿಕೆ ಸೂಚನೆಯನ್ನು ಅವನ ಮನೆಯಿಂದಲೇ ಕಳಿಸುವುದೆಂದು ಹೋದಳು. ಬೆಳಿಗ್ಗೆ ಹತ್ತೂವರೆ. ನಾಗರತ್ನ ಹೊಲಿಗೆ ಯಂತ್ರ ನಿಲ್ಲಿಸಿ ಬಂದು ಬಾಗಿಲ ಬಳಿ ನಿಂತಳು.

“ಇದು ಕೊನೇದು,” ಎಂದಳು ನೀಲಾಂಬಿಕೆ. “ಆಮೇಲೆ ಬಿಲ್ಲೆ ಸುಮ್ಮನಾಗುತ್ತೆ. ಮೂರ್ಛೆ ಮತ್ತೆ ಬಂದರೂ ಬರಬಹುದು.”

“ಬಂದ್ರೆ ಗುಳಿಗೆ ನುಂಗ್ತೀನಿ. ಇವನ್ನ ಮೊದಲು ಇಳಿಸ್ರಿ.” ಕೊಟ್ರಪ್ಪ ಅವಳ ಮುಖ ನೋಡಿದ. “ನಿಮಗೆ ಗೊತ್ತಿರೋರಾ ಇವರು?”

ಅವಳು ಹೌದೆಂದು ತಲೆಯಾಡಿಸಿದಳು.

“ಇಲ್ಲಿ ನಿಲ್ತಾರೆ ನೋಡ್ರಿ,” ಎಂದು ಪಟ್ಟಿ ಕಟ್ಟಿದ ಕೈಯಿಂದ ಕುರ್ಚಿಯ ಹಿಂದಿನ ನೆಲ ತೋರಿಸಿದ. “ಬಲಗಡೆ. ಗೋಡೆಗೆ ಒಂದು ಮೊಳ ಬಿಟ್ಟು.”

ನೀಲಾಂಬಿಕೆ ಹೋಗಿ ಅಲ್ಲಿ ನಿಂತಳು. ಗಾರೆ ನೆಲ ಅಲ್ಲಿ ಬೇರೆ ಕಡೆಗಿಂತ ತಣ್ಣಗಿತ್ತೆಂದೇನೂ ಅಲ್ಲ. ಗೋಡೆಯಲ್ಲಿ ಕ್ಯಾಲೆಂಡರ್ ಇದ್ದ ಮೊಳೆ ಇತ್ತು. ಫೋನಿನಲ್ಲಿ ಸೂಚನೆಯನ್ನು ಕೊನೆಯ ಸಲ ಓದಿದಳು. ವಂಚನೆ. ಎಂ. ಎಸ್. ಹಿರೇಮಠ. ಒತ್ತಿದಳು.

ಟಿಣ್.

ಕೊಟ್ರಪ್ಪನ ಬೆನ್ನು ನೆಟ್ಟಗಾಯಿತು. ಅಭ್ಯಾಸದಂತೆ ಅವನು ಕುರ್ಚಿಯಲ್ಲೇ ಎಡಕ್ಕೆ ಸರಿದ. ನಾಗರತ್ನ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ನೀಲಾಂಬಿಕೆ ಉಸಿರು ಬಿಗಿಹಿಡಿದು ನಿಂತಳು. ಅವಳಿಗೆ ಏನೂ ತಿಳಿಯಲಿಲ್ಲ. ಭುಜಕ್ಕೆ ಭುಜ ತಾಗಲಿಲ್ಲ, ಗಾಳಿ ಕದಲಲಿಲ್ಲ. ಅವಳ ತಲೆಯೊಳಗೆ ಯಾವ ಬಿಲ್ಲೆಯೂ ಇರಲಿಲ್ಲ.

“ಇಬ್ಬರು ಅದೀರಿ,” ಎಂದ ಕೊಟ್ರಪ್ಪ, ತಿರುಗದೆ, ಮೆಲ್ಲಗೆ. “ಇವತ್ತು ಅವರು ನನ್ನ ಕಡೆ ಮುಖ ಮಾಡಿಲ್ಲ ಡಾಕ್ಟ್ರಮ್ಮ.”

ಹನ್ನೆರಡು ಸೆಕೆಂಡು ಮುಗಿಯಿತು. ಕೊಟ್ರಪ್ಪ ಎಡಗೈಯಿಂದ ಕುರ್ಚಿಯ ಕಬ್ಬಿಣದ ತೋಳನ್ನು ಟಕ್ ಟಕ್ ಎಂದು ಎರಡು ಸಲ ಕುಟ್ಟಿದ, ಪ್ಯಾಸೆಂಜರ್ ಇಳಿದ ಮೇಲೆ ಬಸ್ಸಿಗೆ ಕುಟ್ಟುವಂತೆ.

“ರೈಟ್,” ಎಂದ.

ಮಧ್ಯಾಹ್ನದ ಹೊತ್ತಿಗೆ ಅವನು ಕೂತಲ್ಲೇ ನಿದ್ದೆ ಹೋಗಿದ್ದ. ಮರುದಿನ ಇಳಿಹೊತ್ತಿನವರೆಗೂ ಏಳಲಿಲ್ಲವೆಂದು ನಾಗರತ್ನ ಹೇಳಿದಳು. ಬೋರ್ಡಿನ ಮೇಲೆ ಬೇರೆ ಹೆಸರು ಬರೆಸಿದರು. ನೀಲಾಂಬಿಕೆಗೆ ಕಾಲೇಜಿನಿಂದ ಒಂದು ಪತ್ರ ಬಂತು. ಅವಳು ಹರಿಹರದ ಒಂದು ಚಿಕ್ಕ ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡತೊಡಗಿದಳು. ಪ್ರಬಂಧ ಬರೆಯದ ಕೆಲಸ.

ಆದರೆ ಫೋನು ನಿಲ್ಲಲಿಲ್ಲ. ಹಿಂತೆಗೆದ ಪ್ರಬಂಧವನ್ನೂ ಜನ ಉಲ್ಲೇಖಿಸುತ್ತಾರೆ. ಹಿಂದಿನವರ ಪಟ್ಟಿಯನ್ನು ಹಾಗೇ ಇಳಿಸಿಕೊಳ್ಳುವವರು ಸೂಚನೆ ಓದುವುದಿಲ್ಲ. ಕೇಂದ್ರ ಎಂದಿನಂತೆ ಪ್ರಶ್ನೆ ಕಳಿಸುತ್ತದೆ. ಉತ್ತರ ಕೊಡಲು ಯಾವ ಮೈಯೂ ಇಲ್ಲ. ಕೆಂಪು ಗುರುತು ಬೀಳುತ್ತದೆ. ಆದರೂ ಎಣಿಕೆ ಏರುತ್ತದೆ: 33,918.

ಒಂದು ತಿಂಗಳಾದ ಮೇಲೆ ಕೊಟ್ರಪ್ಪನೇ ಫೋನ್ ಮಾಡಿದ. ದನಿಯಲ್ಲಿ ಗೆಲುವಿತ್ತು. ಮುಂಗೈ ಕೂಡಿಕೊಂಡಿದೆ, ಮೂರ್ಛೆ ಬಂದಿಲ್ಲ. “ಒಬ್ಬನೂ ಬರ್ತಿಲ್ರಿ ಈಗ,” ಎಂದ. “ಒಂದು ಮಾತು ಕೇಳ್ತೀನಿ, ತಪ್ಪು ತಿಳೀಬ್ಯಾಡ್ರಿ. ನಮ್ಮಲ್ಲಿ ಇಳದೋನು ಎಲ್ಲಿಗಾದ್ರೂ ಹೋಗಿರಬೇಕಲ್ವ?”

“ಹಾಗೇನಿಲ್ಲ ಕೊಟ್ರಪ್ಪನವರೇ,” ಎಂದಳು ನೀಲಾಂಬಿಕೆ. “ಅದು ಬರೀ ಒಂದು ಚಿತ್ರ.”

“ಹೂಂ ಬಿಡ್ರಿ,” ಎಂದ ಕೊಟ್ರಪ್ಪ.

ಫೋನನ್ನು ಅಡುಗೆಕಟ್ಟೆಯ ಮೇಲಿಟ್ಟು ಅವಳು ಚಹಾಕ್ಕೆ ನೀರಿಟ್ಟಳು. ಅತ್ತೆ ಹೊರಗಿನ ಕೋಣೆಯಲ್ಲಿದ್ದರು. ಗಡಿಯಾರದಲ್ಲಿ ನಾಲ್ಕಾಗಿತ್ತು. ನೀರು ಇನ್ನೂ ಕುದಿ ಬಂದಿರಲಿಲ್ಲ.

ಟಿಣ್.

“ನೀಲಾ,” ಎಂದರು ಅತ್ತೆ ಒಳಗಿನ ಸದ್ದು ಕೇಳಿ, ಅಷ್ಟೆ.

ನೀಲಾಂಬಿಕೆ ಚಹಾಪುಡಿಯ ಡಬ್ಬಿಗೆ ಕೈ ಚಾಚಿದ್ದವಳು ಹಾಗೇ ನಿಂತಳು. ಒಂದು, ಎರಡು, ಮೂರು. ಕಾಯುವ ನೀರಿನ ಸದ್ದಿನಡಿ ಇನ್ನೊಂದು ಸದ್ದು ಇತ್ತೋ ಇಲ್ಲವೋ. ಹನ್ನೆರಡಕ್ಕೆ ಬಂದಾಗ ಅವಳು ಕೆಳಗೆ ನೋಡಿದಳು. ಒಲೆ ಒಂದು ಹೆಜ್ಜೆ ಆಚೆ ಇತ್ತು.

ತಾನು ಯಾವಾಗ ಎಡಕ್ಕೆ ಸರಿದು ಜಾಗ ಬಿಟ್ಟೆನೆಂದು ಅವಳಿಗೆ ನೆನಪಾಗಲಿಲ್ಲ.

“ಏನು?” ಎಂದಳು.